ಸೊಸೆಯಂದಿರು ಮಾಯವಾದ ಊರು

ಸುಳ್ಳಾಗಿದ್ದರೆ ಇದನ್ನು ಇನ್ನಷ್ಟು ನಂಬುವ ಹಾಗೆ ಹೇಳಬಹುದಿತ್ತು. ನಿಜವಾದ್ದರಿಂದ ನಡೆದ ಹಾಗೆಯೇ ಹೇಳಬೇಕಾಗಿದೆ: ಆ ಸೋಮವಾರ ಬೆಳಗಾಗುವಷ್ಟರಲ್ಲಿ ಅಂಕಲಿಯ ಸೊಸೆಯಂದಿರು ಹೆಚ್ಚುಕಡಿಮೆ ಎಲ್ಲರೂ ಮಾಯವಾಗಿದ್ದರು.

ಮನೆಗಳಲ್ಲಿ ಇದ್ದೇ ಇದ್ದರು. ರೊಟ್ಟಿ ಬಡಿಯುವ ಸದ್ದು ಓಣಿಯ ತುಂಬ ಕೇಳುತ್ತಿತ್ತು. ಅವರು ಮಾಯವಾದದ್ದು ಹೊಳೆದಂಡೆ ಮಹಿಳಾ ಹಾಲು ಸಂಘದ ವೆಬ್‌ಸೈಟಿನಿಂದ. ಸದಸ್ಯೆಯರ ಪುಟ ತೆರೆದರೆ ಸುರೇಖಾ ಇರಬೇಕಾದಲ್ಲಿ ಯಾರೋ ಬಾಳವ್ವ, ಜಯಶ್ರೀ ಇರಬೇಕಾದಲ್ಲಿ ಯಾರೋ ಕೃಷ್ಣಾಬಾಯಿ. ಫೋಟೊ ಅದೇ, ಎಮ್ಮೆ ಅದೇ, ಗಂಡನೂ ಅವನೇ. ಹೆಸರು ಮಾತ್ರ ಬೇರೆ.

"ಗಂಡ ಅವನ ಉಳದಾನ. ತಪ್ಪಾದ್ರ ಪೂರಾ ತಪ್ಪಾಗಬೇಕಿತ್ತು ನೋಡ," ಎಂದಳು ಸಂಘದ ಅಧ್ಯಕ್ಷೆ ಅಕ್ಕುತಾಯಿ. ಅರವತ್ತು ದಾಟಿದ ಹೆಂಗಸು. ಕಚ್ಚೆ ಸೀರೆ, ದೊಡ್ಡ ನತ್ತು. ಬೆಳಗಿನಿಂದ ಆ ಕಂಪ್ಯೂಟರಿನ ಮುಂದಿನಿಂದ ಎದ್ದಿರಲಿಲ್ಲ. ಅವಳ ಫೋಟೊದ ಕೆಳಗೆ 'ತುಂಗವ್ವ' ಎಂದಿತ್ತು.

ಇದನ್ನು ಸರಿಪಡಿಸಲು ಸಂಘ ಕರೆಸಿದ್ದವಳು ಸಾರಿಕಾ. ಅವಳ ಕಣ್ಣು ಪಕ್ಕದ ಇನ್ನೊಂದು ಪರದೆಯ ಮೇಲಿತ್ತು. ಅಲ್ಲಿ ದತ್ತಾಂಶದ ಉಗ್ರಾಣ ತೆರೆದಿತ್ತು. ಅಲ್ಲಿ ಸುರೇಖಾ ಸುರೇಖಾಳಾಗಿಯೇ ಇದ್ದಳು, ಅಕ್ಕುತಾಯಿ ಅಕ್ಕುತಾಯಿಯಾಗಿಯೇ. ಉಗ್ರಾಣದಲ್ಲಿ ಜೋಳ, ತಾಟಿನಲ್ಲಿ ಗೋಧಿ. ನಡುವೆ ಯಾರೋ ಕೈ ಹಾಕಿದ್ದರು.

ಚಿಕ್ಕೋಡಿ ಬಸ್ ನಿಲ್ದಾಣದ ಹಿಂದೆ ಅವಳದೊಂದು ಒಂಟಿ ಕೋಣೆಯ ಅಂಗಡಿ. 'ಹಳೆಯ ವೆಬ್‌ಸೈಟ್ ದುರಸ್ತಿ. ಕಳೆದದ್ದು ಹುಡುಕಿ ಕೊಡಲಾಗುವುದು' ಎಂದು ಫಲಕ. ಎರಡನೆಯ ಸಾಲು ಓದಿ ಜನ ಕಳೆದುಹೋದ ಎಮ್ಮೆಯ ಫೋಟೊ ಹಿಡಿದು ಬರುತ್ತಿದ್ದರು. ಎಮ್ಮೆಗಳನ್ನೂ ಹುಡುಕಿಕೊಟ್ಟಿದ್ದಳು. ಊರಿನವರದೆಲ್ಲ ಸಿಕ್ಕಿತ್ತು, ಅವಳದು ಮಾತ್ರ ಸಿಕ್ಕಿರಲಿಲ್ಲ: ಶೇಡಬಾಳದ ಅಣ್ಣ ಸಮ್ಮೇದ. ಕಾಣೆಯಾದ ಅವನ ಫೋಟೊ ಅಂಗಡಿಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಗಿರಾಕಿಗಳು ಯಾರೂ ಯಾರದೆಂದು ಕೇಳುತ್ತಿರಲಿಲ್ಲ.

"ಅಕ್ಕಾ," ಎಂದ ತೌಹೀದ.

ತೌಹೀದ ನಿಪ್ಪಾಣಿಯವನು. ಈ ವೆಬ್‌ಸೈಟು ಕಟ್ಟಿದವನೂ ನೋಡಿಕೊಳ್ಳುವವನೂ ಅವನೇ. ಬೋರಲು ಹಾಕಿದ ಹಾಲಿನ ಕ್ಯಾನಿನ ಮೇಲೆ ಕೂತಿದ್ದ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ನಿಪ್ಪಾಣಿ ಬಸ್ಸಿನ ಕಂಡಕ್ಟರು, ಕಾಗವಾಡದ ತರಕಾರಿ ಮಾರುವವಳು, ಮರಾಠಿ ವಾರ್ತೆ ಓದುವವಳು, ಎಲ್ಲರೂ ಅವನ ಗಂಟಲಿನಿಂದ ಇಳಿದು ಕಚೇರಿಯ ತುಂಬ ಓಡಾಡಿರುತ್ತಿದ್ದರು. ಇವತ್ತು ಅವನ ಸ್ವಂತ ದನಿಯೇ ಸರಿಯಾಗಿ ಹೊರಡುತ್ತಿರಲಿಲ್ಲ. ಕೈಯಲ್ಲಿದ್ದ ಫೋನನ್ನು ಮುಂದೆ ಚಾಚಿದ.

ಅವನದೇ ಫೋಟೊ. ಕೆಳಗೆ ಒಂದು ಸಾಲು: 'ನಮ್ಮ ಹೆಣ್ಣುಮಕ್ಕಳ ತವರಿನ ಹೆಸರು ಕದ್ದವನು ಇವನೇ.'

"ರಾಯಬಾಗದಿಂದ ಅಥಣಿ ತನಕಾ ಹೋಗೇತ್ರಿ. ನಮ್ಮ ಅಬ್ಬಾಗ ಯಾರೋ ಫೋನ್ ಮಾಡಿ, ಮಗನ ಹೆಸರ ತೌಹೀದೇನು ಅಂತ ಕೇಳ್ಯಾರ. ಹೌದು ಅಂದಾರ. ಅಷ್ಟ ಕೇಳಿ ಇಟ್ಟಬಿಟ್ಟಾರ್ರಿ."

"ಮತ್ತೇನೂ ಕೇಳಲಿಲ್ಲಾ?"

"ಮತ್ಯಾಕ ಕೇಳ್ತಾರಕ್ಕಾ."

ಸಂಘದ ಕಾರ್ಯದರ್ಶಿ ಅಣ್ಣಾಸಾಬ ಬಾಗಿಲಲ್ಲಿ ಬಂದು ನಿಂತ. ಮಹಿಳಾ ಸಂಘದ ಏಕೈಕ ಪುರುಷ. ಆದ್ದರಿಂದ ಅಧಿಕಾರವೆಲ್ಲ ಅವನದೇ.

"ಸಾರಿಕಾಬಾಯಿ, ಸಂಜೀ ಹಾಲ ಬರೂ ತನಕಾ ಟೈಮು. ಆಮ್ಯಾಲ ನಾ ಚಿಕ್ಕೋಡಿ ಸ್ಟೇಷನ್‌ಗೆ ಹೋಗಾಂವ. ಪಾಸ್‌ವರ್ಡ್ ಇವನ ಕಡೆ, ಹೆಸರ ಬದಲಾಗ್ಯಾವ. ಇದರಾಗ ಪತ್ತೇದಾರಿ ಮಾಡೂದು ಏನೈತಿ?"

"ಮೆಸೇಜ್ ಯಾರ್ ಕಳಿಸ್ಯಾರ್ರಿ ಅಣ್ಣಾಸಾಬ?"

"ನಮ್ಮ ಗ್ರೂಪಿನಾಗ ಹಾಕೀನಿ. ಅದು ಊರ ದಾಟಿದ್ರ ನಾ ಏನ್ ಮಾಡ್ಲಿ? ಎಮ್ಮಿಗೆ ಕಟ್ಟಿದಂಗ ಮೆಸೇಜಿಗೆ ದಾವಣಿ ಕಟ್ಟಾಕ ಬರ್ತೈತೇನು?"

ಹೇಳಿ, ಮೋಟರ್‌ಸೈಕಲ್ ಏರಿ ಹೋದ.

*

ಸಾರಿಕಾ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ತೌಹೀದ ಅವಳಿಗೊಂದು ಖಾತೆ ತೆರೆದುಕೊಟ್ಟಿದ್ದ. ಪಾಸ್‌ವರ್ಡನ್ನು ಅವಳೇ ಇಟ್ಟುಕೊಂಡಿದ್ದಳು. ಒಳಹೋದ ಕೂಡಲೇ ಪುಟದ ಮೇಲೆ 'ನಮಸ್ಕಾರ, ಸಾರಿಕಾ' ಎಂದು ಬಂದಿತ್ತು. ಒಬ್ಬಳೇ ಇರುವವಳಿಗೆ ಯಂತ್ರದ ನಮಸ್ಕಾರವೂ ನಮಸ್ಕಾರವೇ. ಕೆಲವು ದಿನ ಅದೊಂದೇ ಇರುತ್ತಿತ್ತು.

ಈಗ ಅವಳು ಸೈಟಿನ ಸಂರಚನೆಯ ಫೈಲ್ ತೆರೆದಳು. ಇಳಿಸುತ್ತ ಹೋದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು.

"ತೌಹೀದ, ಈ ರಿಸಾಲ್ವರ್ ನೀ ಹಾಕಿದ್ದೇನು?"

ಅವನು ಎದ್ದು ಬಂದು ಬಗ್ಗಿ ನೋಡಿದ. "ನಾ ರಿಸಾಲ್ವರ್ ಬರದಾಂವ ಅಲ್ರಿ. ಜರೂರಿನ ಬಿದ್ದಿಲ್ಲ."

"ಏನ್ ಬೇ ಅದು?" ಎಂದಳು ಅಕ್ಕುತಾಯಿ. "ನನಗೂ ಹೇಳ್ರಿ. ಮಾಯ ಆದಾಕಿ ನಾನು."

ಸಾರಿಕಾ ಕುರ್ಚಿ ತಿರುಗಿಸಿದಳು. "ಪುಟದಾಗ ಯಾರ ಹೆಸರೂ ಬರದಿರಂಗಿಲ್ರಿ. ಬರೀ ಒಂದ ಪ್ರಶ್ನಿ ಇರ್ತೈತಿ: ಈ ಸದಸ್ಯೆ ಹೆಸರೇನು ಅಂತ. ಪುಟ ತೆರದಾಗೊಮ್ಮೆ ಆ ಪ್ರಶ್ನಿ ಒಳಗ ಹೋಗ್ತೈತಿ. ಒಳಗ ಉತ್ತರಾ ಹೇಳವರು ಸಾಲಾಗಿ ಕುಂತಿರ್ತಾರ. ಅವರಿಗೆ ರಿಸಾಲ್ವರ್ ಅಂತಾರ. ಮೊದಲನೇದಾಂವಗ ಕೇಳ್ತೈತಿ, ನಿನಗ ಗೊತ್ತೈತೇನು? ಅವ ಸುಮ್ಮನಿದ್ರ ಮುಂದಿನಾಂವಗ ಹೋಗ್ತೈತಿ. ಹಂಗ ಸಾಗಿ ಸಾಗಿ ಕಡೀಗೆ ಉಗ್ರಾಣದ ತನಕಾ ಹೋಗಿ ಖರೇ ಹೆಸರ ತರ್ತೈತಿ."

"ಮತ್ತ ಈಗ?"

"ಯಾರೋ ಬಾಗಿಲದಾಗ ಒಬ್ಬಾಂವನ್ನ ಹೊಸದಾಗಿ ಕುಂದ್ರಿಸ್ಯಾರ. ಹೆಸರ ಕೇಳಿದ ಕೂಡಲೆ ಇವ ಕೈ ಎತ್ತಿ, ನನಗ ಗೊತ್ತು, ಅಂತಾನ. ಒಬ್ಬ ಗೊತ್ತು ಅಂದ್ರ ಅಲ್ಲಿಗೆ ಮುಗೀತು. ಒಳಗಿನವರನ್ನ ಯಾರೂ ಕೇಳಂಗಿಲ್ಲ."

ಅಕ್ಕುತಾಯಿ ನತ್ತು ಸರಿಪಡಿಸಿಕೊಂಡಳು. "ಅಂದ್ರ ನಮ್ಮತ್ತಿ."

"ಏನ್ರಿ?"

"ನನ್ನ ತವರುಮನಿ ಪಾಲಬಾವಿ. ಲಗ್ನ ಆಗಿ ಹೊಸದು. ನಮ್ಮೂರ ಗೆಳತಿ ಎಂಟ್ಹತ್ತ ಹರದಾರಿ ನಡಕೊಂಡ ಬಂದಿದ್ಲು, ನನ್ನ ನೋಡಾಕ." ಅಕ್ಕುತಾಯಿ ಸೆರಗು ಎಳೆದುಕೊಂಡು ಹುಡುಗಿಯ ದನಿಯಾದಳು. "'ಅವ್ವಾರ, ತುಂಗವ್ವ ಅದಾಳೇನ್ರಿ?'" ಆಮೇಲೆ ಕತ್ತು ಉಬ್ಬಿಸಿ, ಕೆಳದುಟಿ ಜೋತುಬಿಟ್ಟು, ಬಾಯ ತುಂಬ ಎಲೆಯಡಿಕೆ ಇರುವಂತೆ ಮಾಡಿ ಅತ್ತೆಯಾದಳು. "'ಹಂಗಂಬಾಕಿ ಈ ಮನ್ಯಾಗ ಯಾರೂ ಇಲ್ಲವಾ. ಮುಂದಿನ ಓಣ್ಯಾಗ ಕೇಳ ಹೋಗು.'"

ತೌಹೀದನಿಗೂ ನಗು ತಡೆಯಲಿಲ್ಲ. ಬೆಳಗಿನಿಂದ ಮೊದಲ ಸಲ.

"ನೀವ ಎಲ್ಲಿದ್ರಿ ಅವಾಗ?" ಎಂದು ಕೇಳಿದಳು ಸಾರಿಕಾ.

"ಒಳಗ. ಒಲಿ ಮುಂದ. ಎಲ್ಲಾ ಕೇಳಾಕತ್ತಿತ್ತು." ಅಕ್ಕುತಾಯಿ ಸೆರಗು ಇಳಿಸಿದಳು. "ಅತ್ತಿ ಸುಳ್ಳ ಹೇಳಲಿಲ್ಲ ಬಿಡು. ಮಂಟಪದಾಗ ತಾಟಿನ ಅಕ್ಕಿ ಮ್ಯಾಲ ನಮ್ಮ ಮನಿಯವರು ಬೆರಳಿಲೆ 'ಅಕ್ಕುತಾಯಿ' ಅಂತ ಬರದಮ್ಯಾಲ ತುಂಗವ್ವ ಅಂಬಾಕಿ ಎಲ್ಲಿದ್ಲು? ಗೆಳತಿ ಹೋದ್ಲು. ನಾ ರೊಟ್ಟಿ ಮಾಡಿದ್ನಿ."

ಸಾರಿಕಾ ಪರದೆಯ ಕಡೆ ತಿರುಗಿದಳು. ಮದುವೆಯ ದಿನ ಗಂಡ ಹೆಂಡತಿಗೆ ಹೊಸ ಹೆಸರು ಬರೆದಿಡುವ ಆ ಅಕ್ಕಿಯ ತಾಟು ಅವಳಿಗೂ ಗೊತ್ತಿತ್ತು. ನಿಪ್ಪಾಣಿಯ ಮಂಟಪದಲ್ಲಿ ಅವಳ ಗಂಡ ಕುನಾಲ 'ಸಾರಿಕಾ' ಎಂದು ಬರೆದಿದ್ದ. ಅಕ್ಷರ ಸೊಟ್ಟಗಾಯಿತೆಂದು ನಕ್ಕು ಇನ್ನೊಮ್ಮೆ ಬರೆದಿದ್ದ. ಜಾತಿ ಬೇರೆ, ಮನೆಮಾತು ಬೇರೆ ಎಂದು ಶೇಡಬಾಳದಿಂದ ಅಣ್ಣನೊಬ್ಬನೇ ಬಂದಿದ್ದ. ಅವನೂ ಆ ತಾಟು ನೋಡಿದ ಮೇಲೆ ಊಟಕ್ಕೆ ನಿಲ್ಲದೆ ಎದ್ದುಹೋದ. ಶೇಡಬಾಳ ಸ್ಟೇಷನ್ನಿನಲ್ಲಿ ಮೀರಜಿನ ಗಾಡಿ ಹತ್ತಿದ್ದನ್ನು ಕಂಡವರಿದ್ದರು. ಆಮೇಲೆ ಕಂಡವರಿಲ್ಲ. ಕುನಾಲನೂ ಜ್ವರ ಬಂದು ಹೋಗಿಬಿಟ್ಟ. ಇಟ್ಟ ಹೆಸರು ಉಳಿಯಿತು, ಇಟ್ಟವನು ಉಳಿಯಲಿಲ್ಲ.

"ನಿನ್ನ ತವರಿನ ಹೆಸರೇನ ಬೇ?" ಎಂದಳು ಅಕ್ಕುತಾಯಿ, ಅವಳ ಬೆನ್ನಿಗೆ.

"ಮರತೀನ್ರಿ," ಎಂದಳು ಸಾರಿಕಾ.

*

ಹೊಸ ರಿಸಾಲ್ವರಿನ ಕೋಡು ಓದುತ್ತ ಹೋದಂತೆ ಬರೆದ ಕೈ ಯಾವ ಥರದ್ದೆಂದು ತಿಳಿಯತೊಡಗಿತು.

ಹೆಸರು ಬಿಟ್ಟು ಬೇರೆ ಏನು ಕೇಳಿದರೂ ಅದು ಬಾಯಿ ಬಿಡುತ್ತಿರಲಿಲ್ಲ. ಪ್ರಶ್ನೆಯನ್ನು ಹಿಂದಿನವರಿಗೆ ಮರ್ಯಾದೆಯಿಂದ ದಾಟಿಸುತ್ತಿತ್ತು. ತೋರಿಸುವಾಗ ಮಾತ್ರ ಉತ್ತರಿಸುತ್ತಿತ್ತು. ಬರೆದು ಉಳಿಸುವ ಹೊತ್ತು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಹಾಗಾಗಿ ಉಗ್ರಾಣದ ಒಂದು ಕಾಳೂ ಅಲುಗಿರಲಿಲ್ಲ.

"ಕೆಡಸಾಕ ಬಂದಾಂವ ಇಷ್ಟ ಜ್ವಾಕಿ ಮಾಡಂಗಿಲ್ಲ," ಎಂದಳು ಸಾರಿಕಾ. "ಇದು ಪಾತ್ರಿ ಕದ್ದ ತೊಳದ ಇಟ್ಟಹಾಂಗ ಐತಿ."

"ಅದನ್ನ ಅಣ್ಣಾಸಾಬಗ ಹೇಳಿದ್ರ ನಂಬ್ತಾನೇನ್ರಿ?" ಎಂದ ತೌಹೀದ.

"ಇಲ್ಲ. ಅಂವ ನಂಬೂದು ಬ್ಯಾರೆ ಐತಿ. ಅಕ್ಕುತಾಯಿ, ಈ ಹೆಸರ ಯಾರಿಗೆ ಗೊತ್ತಿದ್ವು? ಎಲ್ಲಾನೂ ಕೂಡಿಸಿ, ಒಬ್ಬರಿಗೇನ?"

ಅಕ್ಕುತಾಯಿ ಯೋಚಿಸಿದಳು. ಒಬ್ಬಳ ಹೆಸರು ಅವಳ ಗಂಡನಿಗೆ ಗೊತ್ತಿರಬಹುದು, ಇನ್ನೊಬ್ಬಳದು ಅವಳ ಅತ್ತೆಗೆ. ಎಲ್ಲರದೂ ಗೊತ್ತಿರುವವರು ಯಾರು?

"ಸಂಕ್ರಮಣದ ಅರಿಷಿಣ ಕುಂಕುಮ," ಎಂದಳು ಕೊನೆಗೆ, ನಿಧಾನವಾಗಿ. "ನಮ್ಮ ಅಂಗಳದಾಗ ಮಾಡಿದ್ವಿ. ಪ್ರತಿ ವರ್ಷ ಒಡಪು ಕಟ್ಟಿ ಗಂಡನ ಹೆಸರ ಹೇಳ್ತೇವಲ್ಲ, ಈ ಸಲ ನಾ ಅಂದ್ನಿ, ಆ ಗಂಡಸರ ಹೆಸರ ಕೇಳಿ ಕೇಳಿ ಕಿವಿ ತೂತಾದ್ವು, ಈ ವರ್ಷ ನಿಮ್ಮ ನಿಮ್ಮ ತವರಿನ ಹೆಸರ ಹಾಕಿ ಒಡಪ ಹೇಳ್ರಿ ಅಂತ. ಏನ ನಕ್ಕೇವಿ ಅಂತೀ. ಅಳೂ ತನಕಾ ನಕ್ಕೇವಿ."

"ಗಂಡಸರು ಇದ್ರೇನು?"

"ಅಂಗಳದಾಗ ಗಂಡ ಕೋಳಿನೂ ಇರಲಿಲ್ಲ." ಹೇಳುತ್ತಿದ್ದಂತೆ ಅಕ್ಕುತಾಯಿಗೆ ಏನೋ ಹೊಳೆದು ಮಾತು ತಡೆಯಿತು. "ನಿನ್ನ ಕರೀಬೇಕಂತ... ಅದೇನಂದ್ರ, ರೂಢಿ ಹಂಗ..."

"ಇರಲಿ ಬಿಡ್ರಿ." ಗಂಡನಿಲ್ಲದವಳನ್ನು ಅರಿಷಿಣ ಕುಂಕುಮಕ್ಕೆ ಯಾರೂ ಕರೆಯುವುದಿಲ್ಲ. ಸಂಕ್ರಮಣದ ಸಂಜೆ ಸಾರಿಕಾ ಅಂಗಡಿಯ ಬಾಗಿಲನ್ನು ಸ್ವಲ್ಪ ಬೇಗ ಎಳೆದುಕೊಳ್ಳುತ್ತಿದ್ದಳು, ಅಷ್ಟೇ. "ತೌಹೀದ, ನೀ ಬಚಾವ್. ಹೆಂಗಸರಷ್ಟ ಕುಂತ ಅಂಗಳದ ಮಾತು ನಿನ್ನ ಕಿವಿಗೆ ಬೀಳಾಕ ಶಕ್ಯ ಇಲ್ಲ."

ತೌಹೀದ ಉಸಿರು ಬಿಟ್ಟ. "ಹಂಗಾರ ಯಾರ್ರಿ?"

"ಅಂಗಳದಾಗ ಕುಂತಾಕಿ. ಈ ಮಶೀನಿನ ಪಾಸ್‌ವರ್ಡ್ ಗೊತ್ತಿದ್ದಾಕಿ. ಇನ್ನೊಂದ ಐತಿ. ಅಕ್ಕುತಾಯಿ, ಅವತ್ತ ಬಂದವರ ಪೈಕಿ ಇಲ್ಲಿ ಯಾರ ಹೆಸರ ಬದಲಾಗಿಲ್ಲ, ನೋಡ್ರಿ."

ಅಕ್ಕುತಾಯಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಮಮತಾಜ ಮಮತಾಜಳೇ, ಅವರಲ್ಲಿ ಹೆಸರು ಬದಲಿಸುವ ರೂಢಿ ಇಲ್ಲ. ಉಳಿದವರೆಲ್ಲ ಬದಲಾಗಿದ್ದರು.

ಒಬ್ಬಳನ್ನು ಬಿಟ್ಟು.

ಆ ಫೋಟೊದ ಕೆಳಗೆ 'ಪ್ರಾಜಕ್ತಾ' ಎಂದೇ ಇತ್ತು.

"ಅಯ್ಯ, ಇದು..." ಎಂದ ಅಕ್ಕುತಾಯಿಯ ಕಣ್ಣು ಒಳಕೋಣೆಯ ಕಡೆ ಹೋಯಿತು. ಅಲ್ಲಿ ಹಾಲಿನ ಜಿಡ್ಡು ಅಳೆಯುವ ಗಾಜಿನ ಕೊಳವೆಗಳನ್ನು ಯಾರೋ ತೊಳೆಯುತ್ತಿದ್ದ ಸದ್ದು ಬೆಳಗಿನಿಂದ ಬರುತ್ತಲೇ ಇತ್ತು. ಈಗ ಅದು ನಿಂತಿತ್ತು.

ಪ್ರಾಜಕ್ತಾ ಅಣ್ಣಾಸಾಬನ ಸೊಸೆ.

*

"ಬರ್ರಿ," ಎಂದಳು ಪ್ರಾಜಕ್ತಾ, ಬಾಗಿಲ ಕಡೆ ನೋಡದೆಯೇ. ಇನ್ನೂ ಮೂವತ್ತಾಗದ ಹುಡುಗಿ. ಮದುವೆಗೆ ಮೊದಲು ಕಂಪ್ಯೂಟರ್ ಓದಿದವಳು. ಈಗ ಹಾಲು ಅಳೆದು, ದಿನದ ದರವನ್ನು ಸೈಟಿಗೆ ಏರಿಸುವ ಕೆಲಸ. ಗೋಡೆಗೆ ಒರಗಿಸಿದ ಕೊಳವೆಗಳು ಸಾಲಾಗಿ ನೀರು ಸೋರುತ್ತಿದ್ದವು.

ಸಾರಿಕಾ ಬಾಗಿಲು ಮುಂದೆ ಮಾಡಿಕೊಂಡಳು. "ನಿನ್ನ ಕೋಡ್ ಚಲೋ ಐತಿ."

ಪ್ರಾಜಕ್ತಾ ಕೈ ಒರೆಸಿಕೊಂಡಳು. ಅಲ್ಲವೆನ್ನಲಿಲ್ಲ. "ಬರದಿಟ್ಟ ಬಾಳ ದಿನ ಆತ್ರಿ. ಒಂದ ದಿನದ ಸಲುವಾಗಿ ಹಾಕಿದ್ನಿ. ನಿನ್ನೆ ಸಂಘದ ವರ್ಧಂತಿ ಇತ್ತಲ್ಲ. ಎಲ್ಲಾರೂ ಪುಟ ತೆರದು ನೋಡ್ತಾರ, ಒಂದ ಸಲ ನಗ್ತಾರ, ಸಂಜೀಕ ತಗದಬಿಡೂದು ಅಂತ. ಸಂಜಿ ಆಗೂದ್ರಾಗ ಮಾಮಾ ಬಂದು ಒದರಾಡಾಕ ಚಾಲೂ ಮಾಡಿದ್ರು. ತಗದ್ರ ನಾನ ಅಂತ ಗೊತ್ತಾಕ್ಕೈತಿ. ತಗೀಲಿಲ್ಲ ಅಂದ್ರ..." ಹೊರಗಿನ ಕೋಣೆಯ ಕಡೆ ನೋಡಿದಳು. "ಅವರ ಫೋಟೊ ಹಾಕ್ತಾರ ಅಂತ ಕನಸಿನಾಗೂ ಅಂದ್ಕೊಂಡಿರಲಿಲ್ರಿ."

"ನಿಮ್ಮ ಮಾವ ಒದರಾಡ್ತಾರ ಅಂತ ನೀ ಸುಮ್ಮ ಕುಂತಿ. ಅವನ ಮನಿ ಮುಂದ ನಾಳೆ ಎಷ್ಟ ಮಂದಿ ಒದರಾಡಾಕ ಬರ್ತಾರ, ಗೊತ್ತೈತೇನು?"

ಪ್ರಾಜಕ್ತಾ ತಲೆ ತಗ್ಗಿಸಿದಳು.

"ಒಂದ ತಿಳೀಲಿಲ್ಲ," ಎಂದಳು ಸಾರಿಕಾ, ಸ್ವಲ್ಪ ಇಳಿದ ದನಿಯಲ್ಲಿ. "ಎಲ್ಲಾರದೂ ಹಾಕಿದಿ. ನಿಂದ್ಯಾಕ ಬಿಟ್ಟಿ? ಸಿಗಬಾರ್ದು ಅಂತ ಬಿಟ್ಟಿದ್ರ, ಅದರಿಂದನ ಸಿಕ್ಕಿ."

"ಅದಕ್ಕ ಬಿಟ್ಟಿದ್ದಲ್ರಿ."

"ಮತ್ತ?"

"ಅವತ್ತ ಅಂಗಳದಾಗ ಹೇಳಿದವರ ಹೆಸರಷ್ಟ ಹಾಕೀನಿ. ನಾ ಎಳ್ಳಬೆಲ್ಲ ಹಂಚಾಕತ್ತಿದ್ನಿ. ಒಡಪು ಒಬ್ಬರಿಂದ ಒಬ್ಬರಿಗೆ ಹೋತು, ಎಲ್ಲಾರನ್ನೂ ಮುಟ್ಟಿ ಮುಗೀತು. ನನ್ನ ಹೆಸರ ಯಾರೂ ಕೇಳಲಿಲ್ರಿ."

ಒಂದು ಕೊಳವೆಯಿಂದ ನೀರು ತೊಟ್ಟಿಕ್ಕಿತು. ಸಾರಿಕಾ ಈವರೆಗೆ ಹುಡುಕಿದ ಕಳ್ಳರೆಲ್ಲ ಸಿಕ್ಕಿಬಿದ್ದಾಗ ಅವಳಿಗೊಂದು ಸಣ್ಣ ಸುಖ ಆಗುತ್ತಿತ್ತು. ಇವತ್ತು ಅದು ಬರಲಿಲ್ಲ.

"ನಾ ಕೇಳಾಕತ್ತೀನಿ," ಎಂದಳು.

ಪ್ರಾಜಕ್ತಾ ಬಾಯಿ ತೆರೆದಳು. ಅಭ್ಯಾಸ ತಪ್ಪಿದ ಮಾತು ಹೊರಬರಲು ಹೊತ್ತು ಹಿಡಿಯಿತು. "ಚಂದ್ರಭಾಗಾ. ಅಥಣ್ಯಾಗ ನಮ್ಮ ಆಜಿ ಇಟ್ಟಿದ್ರು. ಹಳೇದಾತು ಅಂತ ಇಲ್ಲಿ ಬದಲಿ ಮಾಡಿದ್ರು."

"ನಾ ನಿಮ್ಮ ಮಾವಗ ನಿನ್ನ ಹೆಸರ ಹೇಳಂಗಿಲ್ಲ. ತೌಹೀದಗೂ ಆ ಹೆಸರಿಗೂ ಸಂಬಂಧ ಇಲ್ಲ ಅಂತಷ್ಟ ಹೇಳ್ತೀನಿ. ಅಂವ ನಂಬಂಗಿಲ್ಲ, ಅದೂ ಗೊತ್ತೈತಿ. ಮುಂದಿಂದು ನಿನಗ ಬಿಟ್ಟಿದ್ದು."

*

ಸಂಜೆಯ ಹಾಲಿನ ಹೊತ್ತಿಗೆ ಮೋಟರ್‌ಸೈಕಲ್ ಬಂದು ನಿಂತಿತು. ಅಂಗಳದಲ್ಲಿ ಆಗಲೇ ಹೆಂಗಸರು ತಂಬಿಗೆ, ಕ್ಯಾನು ಹಿಡಿದು ಸಾಲಾಗಿದ್ದರು. ಅಣ್ಣಾಸಾಬ ಕಚೇರಿಯೊಳಗೆ ಬಂದವನೇ, "ಆತೇನ್ರಿ ಬಾಯಿ?" ಎಂದ.

"ಆತು. ತೌಹೀದ ಅಲ್ಲ." ಸಾರಿಕಾ ಸಂಕ್ರಮಣದ ಅಂಗಳದ ಮಾತನ್ನು ಹೇಳಿದಳು.

"ಯಾರೋ ಹೆಂಗಸರು ಇವಗ ಹೇಳಿರಬೇಕು."

"ಯಾಕ ಹೇಳ್ತಾರ?"

"ನನಗೇನ ಗೊತ್ತು? ನೀವು ಈ ಹುಡುಗನ್ನ ಬಿಡಿಸಾಕ ಕುಂತೀರಿ. ಬರದಾಂವ ಇವ ಅಲ್ಲ ಅಂದ್ರ ಮತ್ಯಾರು? ಹೆಸರ ಹೇಳ್ರಿ. ಹೆಸರ ಹೇಳಲಾರದ ಪತ್ತೇದಾರಿ ಯಾತರದು?"

ತೌಹೀದ ಎದ್ದು ನಿಂತಿದ್ದ. ಅಂಗಳದ ಸಾಲು ನಿಧಾನವಾಗಿ ಬಾಗಿಲ ಕಡೆ ಬಾಗಿತ್ತು.

"ಗಾಡಿ ಹತ್ತಲೇ," ಎಂದ ಅಣ್ಣಾಸಾಬ ತೌಹೀದನಿಗೆ. "ಸ್ಟೇಷನ್ನಿನಾಗ ಹೇಳೀಯಂತ."

"ಬರದಾಕಿ ಚಂದ್ರಭಾಗಾ."

ದನಿ ಒಳಕೋಣೆಯ ಬಾಗಿಲಿನಿಂದ ಬಂದಿತ್ತು. ಅಣ್ಣಾಸಾಬ ತಿರುಗಿ ನೋಡಿದ. ಅಲ್ಲಿ ಅವನ ಸೊಸೆ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು.

"ಯಾವ ಚಂದ್ರಭಾಗಾ?" ಎಂದ ಅಣ್ಣಾಸಾಬ. "ಯಾರ ಮನಿಯಾಕಿ? ನಮ್ಮ ಸಂಘದಾಗ ಆ ಹೆಸರಿನಾಕಿ ಯಾರೂ ಇಲ್ಲ."

ಅಕ್ಕುತಾಯಿ ತನ್ನ ನತ್ತನ್ನು ಹಿಡಿದುಕೊಂಡಳು.

"ನಾನ್ರಿ ಮಾಮಾ."

ಅಣ್ಣಾಸಾಬ ಅವಳನ್ನು ನೋಡಿದ. ಐದಾರು ವರ್ಷ ಅವಳ ಕೈಯ ರೊಟ್ಟಿ ತಿಂದಿದ್ದ. ಪಕ್ಕದಲ್ಲಿ ತೌಹೀದ ಮತ್ತೆ ತನ್ನ ಕ್ಯಾನಿನ ಮೇಲೆ ಕೂತ.

"ಲಗ್ನಪತ್ರಿಕಾದಾಗ ಇತ್ತಲ್ಲ," ಎಂದ ಅಣ್ಣಾಸಾಬ ಕೊನೆಗೆ, ಯಾರಿಗೋ ಸಮಜಾಯಿಷಿ ಕೊಡುವಂತೆ. "ಓದಿದ್ದೆ. ಮರತಿದ್ದೆ."

"ಈಗ ನೆನಪಾತಲ್ಲ," ಎಂದಳು ಅಕ್ಕುತಾಯಿ. "ನಾ ಅಧ್ಯಕ್ಷೆ ಅದೀನಿ. ಹುಡುಗಿ ಮಾಡಿದ್ದು ಸಂಘದ ಕೆಲಸ. ಕಂಪ್ಲೇಂಟ್ ಕೊಡೂದಿದ್ರ ನನ್ನ ಮ್ಯಾಲ ಕೊಡು. ಹೆಸರ ತುಂಗವ್ವ ಅಂತ ಬರಸು. ಅದಕ್ಕೂ ಮೊದಲ ಆ ಫೋನ್ ತಗೀ. ಗ್ರೂಪಿನಾಗ ನಿನ್ನ ಸ್ವಂತ ಬಾಯಿಲೆ ಹೇಳು, ತೌಹೀದಂದ ಏನೂ ತಪ್ಪಿಲ್ಲ, ತಪ್ಪ ನಂದು ಅಂತ. ಬರಿಯೂದಲ್ಲ, ಬಾಯಿಲೆ ಹೇಳೂದು. ದಾವಣಿ ಇಲ್ಲದಿದ್ರ ಹಿಂದ ಓಡಿ ಹಿಡಕೊಂಡ ಬಾ."

ಅಣ್ಣಾಸಾಬ ಹೇಳಿದ. ಎರಡು ಸಲ ತೊದಲಿ, ಮೂರನೆಯ ಸಲ ಸರಿಯಾಗಿ. ಫೋನು ಕೆಳಗಿಟ್ಟದ್ದೇ ತಡ, ಕ್ಯಾನಿನ ಮೇಲಿಂದ ಇನ್ನೊಬ್ಬ ಅಣ್ಣಾಸಾಬ ಅದೇ ಗಂಟಲು ಕೆರೆತ, ಅದೇ ತೊದಲಿನೊಂದಿಗೆ, "ತಪ್ಪ ನಂದು ನೋಡ್ರಿ ಮತ್ತ," ಎಂದ. ತೌಹೀದನಿಗೆ ದನಿ ಮರಳಿತ್ತು. ಬಾಗಿಲಲ್ಲಿ ನಿಂತ ಹೆಂಗಸರು ತಂಬಿಗೆಯ ಹಾಲು ತುಳುಕುವಷ್ಟು ನಕ್ಕರು.

ಆದರೂ ಆ ಸಂದೇಶ ಎಷ್ಟು ಊರಿಗೆ ಹೋಗಿತ್ತೋ, ಈ ಮಾತು ಅಷ್ಟು ಊರಿಗೆ ಹೋಗುವುದೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ತೌಹೀದ ನಗುನಗುತ್ತಲೇ ಮನೆಗೆ ಫೋನ್ ಮಾಡಿ, ಇವತ್ತು ಬಾಗಿಲು ಹಾಕಿಕೊಂಡೇ ಇರಿ ಎಂದು ಅಬ್ಬಾನಿಗೆ ಹೇಳಿದ.

*

"ಸದ್ಯಕ್ಕ ಆ ಸಾಲು ತಗೀತೀನಿ," ಎಂದಳು ಸಾರಿಕಾ. "ಮುಂದ ಎರಡೂ ಹೆಸರ ಬರೂಹಂಗ ಮಾಡೂಣು. ಕೇಳಿದವರಿಗೆ ಎರಡೂ ಕಾಣಲಿ."

ಪ್ರಾಜಕ್ತಾಳ ರಿಸಾಲ್ವರನ್ನು ಸಾಲಿನಿಂದ ಎಬ್ಬಿಸಿ, ಸೈಟನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಳು. ಸುರೇಖಾ ಬಂದಳು, ಜಯಶ್ರೀ ಬಂದಳು. ಅಕ್ಕುತಾಯಿ ತನ್ನ ಫೋಟೊದ ಕೆಳಗಿನ ಹೆಸರು ಆರಿಹೋಗುವುದನ್ನು ನೋಡಿದಳು.

"ಇರಲಿ," ಎಂದಳು. "ಇಷ್ಟ ವರ್ಷ ಹೋಗಿದ್ಲು. ಇನ್ನೆರಡ ದಿನ ಹೋಗಿ ಬರ್ತಾಳ."

ಎಲ್ಲ ಸರಿಯಾಯಿತೇ ಎಂದು ನೋಡಲು ಸಾರಿಕಾ ಹೊರಬಿದ್ದು, ತನ್ನ ಖಾತೆಯಿಂದ ಮತ್ತೊಮ್ಮೆ ಒಳಹೋದಳು.

ಪುಟದ ಮೇಲೆ ನಮಸ್ಕಾರ ಬಂದಿತು.

'ನಮಸ್ಕಾರ, ಮಿಡಚಿ.'

ಮೊದಲು ನಕ್ಕವನು ತೌಹೀದ. "ಮಿಡಚಿ? ಹೊಲದಾಗ ಜಿಗೀತಾವಲ್ಲ ಹಸರಾನು, ಅದೇನ್ರಿ?" ಎಂದು ಕ್ಯಾನಿನಿಂದ ನೆಲಕ್ಕೆ ಜಿಗಿದು ಎರಡು ಸಲ ಕುಪ್ಪಳಿಸಿದ. ಅಕ್ಕುತಾಯಿ ಹೊಟ್ಟೆ ಹಿಡಿದುಕೊಂಡಳು. "ಮರತೀನಿ ಅಂದಿದ್ದಿ. ಇದನ್ನ ಮುಚ್ಚಿ ಇಟ್ಟಿದ್ದೆಲ್ಲಾ?"

ಸಾರಿಕಾಳ ಮುಖ ಕೆಂಪಾಯಿತು. ಅವಳಿಗೂ ನಗು ಬಂತು. ಪ್ರಾಜಕ್ತಾ ಸೇಡು ತೀರಿಸಿಕೊಂಡಳು ಎಂದುಕೊಂಡಳು. "ಭಾರಿ ಅದೀಯಲ್ಲ ಬೇ ಚಂದ್ರಭಾಗಾ. ಇದೆಲ್ಲಿ ಸಿಕ್ತು ನಿನಗ?"

ಪ್ರಾಜಕ್ತಾ ನಗುತ್ತಿರಲಿಲ್ಲ. "ನಾ ಅಲ್ರಿ ಅಕ್ಕಾ. ನೀವು ಅವತ್ತ ಅಂಗಳದಾಗ ಇರಲೇ ಇಲ್ಲ. ಮತ್ತ ನಂದು ನೀವ ಈಗ ತಗದ್ರೆಲ್ಲ."

ಹೌದು. ತೆಗೆದಿದ್ದಳು.

ಸಂರಚನೆಯ ಫೈಲಿನಲ್ಲಿ ಬೇರೆ ಏನೂ ಇರಲಿಲ್ಲ. ಸಾರಿಕಾ ಲೈಬ್ರರಿಗಳ ಫೋಲ್ಡರ್ ತೆರೆದಳು. ಸೈಟು ಏಳುವಾಗ ಅಲ್ಲಿರುವ ಪೊಟ್ಟಣಗಳನ್ನೂ ಬಿಚ್ಚಿಕೊಂಡು ಏಳುತ್ತದೆ. ಹಳೆಯವುಗಳ ನಡುವೆ ಒಂದು ಹೊಸದಿತ್ತು, ಅಂಗೈಯಷ್ಟು ಸಣ್ಣದು. ಒಳಗೆ ಇನ್ನೊಂದು ರಿಸಾಲ್ವರ್. ಅದಕ್ಕೆ ಒಂದೇ ಪ್ರಶ್ನೆ ಗೊತ್ತಿತ್ತು, ಒಂದೇ ಉತ್ತರ ಗೊತ್ತಿತ್ತು.

ಏರಿಸಿದ್ದು ಇವತ್ತೇ, ಮಧ್ಯಾಹ್ನ, ಅವಳು ಒಳಕೋಣೆಯಲ್ಲಿ ಪ್ರಾಜಕ್ತಾಳ ಹೆಸರು ಕೇಳುತ್ತಿದ್ದ ಹೊತ್ತಿನಲ್ಲಿ. ದೂರದ ಯಾವುದೋ ಮಶೀನಿನಿಂದ.

ಏರಿಸಿದ ಖಾತೆ: ಸಾರಿಕಾ.

ಬೆಳಿಗ್ಗೆ ಅವಳೇ ಪಾಸ್‌ವರ್ಡ್ ಇಟ್ಟಿದ್ದಳು. ಪರರ ಪಾಸ್‌ವರ್ಡುಗಳಿಗೆ ಬುದ್ಧಿ ಹೇಳಿ ಹೊಟ್ಟೆ ಹೊರೆಯುವವಳು ತಾನು ಮಾತ್ರ ಎಲ್ಲ ಕಡೆಯೂ ಒಂದನ್ನೇ ಇಡುತ್ತಿದ್ದಳು: ಅಣ್ಣನ ಹೆಸರು, ಮುಂದೆ ಊರಿನ ಹೆಸರು. ಅದನ್ನು ಊಹಿಸಬಲ್ಲವನಿಗೆ ಅವಳ ಎಲ್ಲ ಬಾಗಿಲೂ, ಅವಳು ಇವತ್ತು ಎಲ್ಲಿದ್ದಾಳೆಂಬುದೂ ತೆರೆದೇ ಇತ್ತು.

ಶಾಲೆಯ ದಾಖಲೆಯಲ್ಲಿ ಅವಳು ಪದ್ಮಾವತಿ. ಹುಡುಕಿದರೆ ಅದು ಯಾರಿಗಾದರೂ ಸಿಕ್ಕೀತು. ಮಿಡಚಿ ಎಂಬುದು ಎಲ್ಲೂ ಬರೆದಿಟ್ಟ ಹೆಸರಲ್ಲ. ಶೇಡಬಾಳದ ಕಬ್ಬಿನ ಬದುವಿನ ಮೇಲೆ, ಮುಂದೆ ಓಡುವ ಅಣ್ಣ ಹಿಂದೆ ಜಿಗಿಯುತ್ತ ಬರುವ ತಂಗಿಗೆ ಇಟ್ಟದ್ದು. ಅದನ್ನು ಕರೆಯುವ ಬಾಯಿ ಭೂಮಿಯ ಮೇಲೆ ಒಂದೇ ಇತ್ತು.

"ಅಕ್ಕಾ?" ಎಂದ ತೌಹೀದ. ಅವನ ಕುಪ್ಪಳಿಕೆ ನಿಂತಿತ್ತು. "ಯಾರಕ್ಕಾ ಅದು?"

ಸಾರಿಕಾ ಬಾಯಿ ತೆರೆದಳು. ಹೆಸರು ಹೇಳಬೇಕೆಂದಿದ್ದಳು, ಹೊರಬಂದದ್ದು ನಗು. ಮೊದಲು ಸಣ್ಣದಾಗಿ, ಆಮೇಲೆ ತಡೆಯಲಾರದಷ್ಟು. ಅಕ್ಕುತಾಯಿಯ ನಗು ನಿಂತಿತು, ಪ್ರಾಜಕ್ತಾ ಹತ್ತಿರ ಬಂದು ಅವಳ ಭುಜ ಹಿಡಿದಳು, ಅಂಗಳದಲ್ಲಿ ಹಾಲಿನ ಸಾಲು ಕಿಟಕಿಯತ್ತ ನೋಡಿತು. ಸಾರಿಕಾ ನಗುತ್ತಲೇ ಇದ್ದಳು, ಆ ಕಚೇರಿಯಲ್ಲಿ ಆವತ್ತು ಯಾರೂ ನಗದಷ್ಟು ಜೋರಾಗಿ, ಕಣ್ಣೀರನ್ನು ಮಣಿಕಟ್ಟಿನಿಂದ ಒರೆಸುತ್ತ. ಇನ್ನೊಂದು ಕೈ ಆಗಲೇ ಕೀಲಿಮಣೆಯ ಮೇಲೆ, ಆ ದೂರದ ಮಶೀನು ಯಾವ ಊರಿನದೆಂದು ಕೇಳುತ್ತಿತ್ತು.